ಗಜದ ಮೇಲಿನ ಗೆರೆ

ಕೊಡಗಿನಲ್ಲಿ ಸ್ಟ್ರಿಂಗರ್ ಕೆಲಸ ಮಾಡುವ ನಮಗೆಲ್ಲ ಒಂದು ವಾಕ್ಯ ಬಾಯಿಪಾಠ. 'ಕೋವಿ ಸ್ವಚ್ಛಗೊಳಿಸುತ್ತಿದ್ದ ವೇಳೆ ಆಕಸ್ಮಿಕವಾಗಿ ಗುಂಡು ಹಾರಿ...' ಮುಂದೆ ಊರು, ವಯಸ್ಸು, ಠಾಣೆಯ ಹೆಸರು, 'ಪ್ರಕರಣ ದಾಖಲಾಗಿದೆ'. ನಾಲ್ಕು ಸಾಲಿಗೆ ಮುಗಿಯಿತು. ಬಸ್‌ಸ್ಟ್ಯಾಂಡಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಟೈಪ್ ಮಾಡಿ ಕಳಿಸಿಬಿಡಬಹುದು.

ನಮ್ಮ ಬ್ಯಾಚಿನವರಿಗೆ ನೆನಪಿರಬೇಕು, ಡಿಪ್ಲೊಮಾದ ಮೊದಲ ವಾರವೇ ಬೋರ್ಡಿನ ಮೇಲೆ ಬರೆಸಿದ್ದರು: ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ. ಈ ಸುದ್ದಿಯಲ್ಲಿ 'ಹೇಗೆ' ಎಂಬ ಪ್ರಶ್ನೆಗೆ ನಾವು ಕೊಡುವ ಉತ್ತರ 'ಆಕಸ್ಮಿಕವಾಗಿ'. ಅದು ಉತ್ತರವೇ ಅಲ್ಲ ಅಂತ ನಮಗೆ ಹೊಳೆದದ್ದು, ಅದೇ ವಾಕ್ಯವನ್ನು ಅಪ್ಪನ ದೊಡ್ಡಪ್ಪನ ಮಗನ ಬಗ್ಗೆ ಬರೆಯಬೇಕಾಗಿ ಬಂದಾಗ.

ಅವರ ಮನೆಯಲ್ಲಿ ನಡೆದದ್ದು ಇಷ್ಟು. ಗದ್ದೆಗೆ ಹಂದಿ ಇಳಿಯುತ್ತಿತ್ತು. ಹೆದರಿಸಿ ಓಡಿಸುವುದಕ್ಕೆಂದು ರಾತ್ರಿ ಮನೆಯ ಒಬ್ಬರು ಕೇಪಿನ ಕೋವಿಗೆ ಮದ್ದು ತುಂಬಿಟ್ಟರು. ಹಂದಿ ಬರಲಿಲ್ಲ. ಕೋವಿ ಬಾಗಿಲ ಮೂಲೆಗೆ ಹೋಯಿತು. ಮೂರು ದಿನ ಕಳೆದ ಮೇಲೆ ಇನ್ನೊಬ್ಬರು ಹಬ್ಬಕ್ಕೆ ಉಜ್ಜಿಡೋಣ ಅಂತ ಅದನ್ನೇ ಕೈಗೆ ತೆಗೆದುಕೊಂಡರು. ತುಂಬಿದವರು ಬೇರೆ, ಉಜ್ಜಲು ಕೂತವರು ಬೇರೆ. 'ಹೇಗೆ' ಅಂದರೆ ಇದೇ. ಆ ಇಡೀ ಮನೆಯಲ್ಲಿ ಯಾರೂ ಹುಡುಗಾಟದವರಲ್ಲ. ನಾವು ಆವತ್ತು ನಾಲ್ಕು ಸಾಲು ಕಳಿಸಿ, ಆಮೇಲೆ ಸಾವಿನ ಮನೆಗೆ ಹೋದೆವು.

ಹೊರಗಿನ ಜಿಲ್ಲೆಯ ಗೆಳೆಯರಿಗೆ ಒಂದು ಮಾತು ಹೇಳಿಬಿಡಬೇಕು. ನಮ್ಮಲ್ಲಿ ಕೋವಿ ಅಂದರೆ ಆಯುಧ ಮಾತ್ರ ಅಲ್ಲ, ಮನೆಯ ಸದಸ್ಯನ ಹಾಗೆ. ಕೊಡವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಹುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಕೋವಿಯ ಸದ್ದು ಆಗಬೇಕು. 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ನಿರಾಯುಧೀಕರಣ ಕಾಯ್ದೆಯಿಂದ ಕೊಡಗಿನವರಿಗೆ ವಿನಾಯಿತಿ ಕೊಟ್ಟ. ಸ್ವಾತಂತ್ರ್ಯ ಬಂದ ಮೇಲೂ ಕೇಂದ್ರ ಸರ್ಕಾರ ಅದನ್ನು ಮುಂದುವರಿಸಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ. 2019ರಲ್ಲಿ ಮತ್ತೆ 10 ವರ್ಷ ಸಿಕ್ಕಿದೆ, 2029ರ ಅಕ್ಟೋಬರ್‌ವರೆಗೆ. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2021ರಲ್ಲಿ ವಜಾ ಮಾಡಿ ವಿನಾಯಿತಿಯನ್ನು ಎತ್ತಿಹಿಡಿಯಿತು. ನಮ್ಮದು ಅರೆಭಾಷೆ ಗೌಡರ ಮನೆ, ಜಮ್ಮಾ ಜಾಗ, ಹಾಗಾಗಿ ನಮ್ಮಲ್ಲೂ ಕೋವಿ ಇದೆ, ಎರಡು. ಒಂದು ಅಜ್ಜನ ಕಾಲದ ಒಂಟಿ ನಳಿಗೆಯ ಕೇಪಿನ ಕೋವಿ. ಇನ್ನೊಂದು 12 ಬೋರಿನ ತೋಟಾ ಕೋವಿ.

ವಿನಾಯಿತಿ ಉಳಿಯಬೇಕೋ ಹೋಗಬೇಕೋ ಅಂತ ಈ ಜಿಲ್ಲೆಯಲ್ಲಿ ಎಷ್ಟು ಪತ್ರಿಕಾಗೋಷ್ಠಿ ನಡೆದಿವೆಯೋ ಲೆಕ್ಕವಿಲ್ಲ, ಅರ್ಧಕ್ಕರ್ಧ ನಾವೇ ಕೂತು ಬರೆದುಕೊಂಡಿದ್ದೇವೆ. ಕೋವಿಯನ್ನು ಮನೆಯಲ್ಲಿ ಎಲ್ಲಿಡುತ್ತೀರಿ, ಎಲ್ಲಿ ಕೂತು ಉಜ್ಜುತ್ತೀರಿ ಅಂತ ಯಾರೂ ಕೇಳಿದ್ದಿಲ್ಲ. ನಾವೂ ಕೇಳಿರಲಿಲ್ಲ.

ನಮ್ಮ ಮನೆಯಲ್ಲಿ ಉಜ್ಜುತ್ತಿದ್ದದ್ದು ಜಗಲಿಯ ಸಿಮೆಂಟ್ ನೆಲದ ಮೇಲೆ. ಆಗಸ್ಟ್ ಕೊನೆಗೆ ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ ಅಪ್ಪ ಗೋಣಿ ಹಾಸಿಕೊಂಡು ಕೂರುವುದು, ಸುತ್ತ ಅಣ್ಣನ ಮಕ್ಕಳು, ನಾಯಿ, ಪಕ್ಕದಲ್ಲಿ ಕಾಫಿ ಲೋಟ, ತೆಂಗಿನೆಣ್ಣೆ ಬಾಟಲಿ. ನಳಿಗೆ ಒಮ್ಮೆ ಅಂಗಳದ ಕಡೆ, ಒಮ್ಮೆ ಅಡುಗೆಮನೆಯ ಕಡೆ. ಉಳಿದ ವರ್ಷವೆಲ್ಲ ಕೋವಿ ಇರುತ್ತಿದ್ದದ್ದು ಅಪ್ಪನ ಮಂಚದ ತಲೆದೆಸೆಯ ಮೂಲೆಯಲ್ಲಿ, ಕ್ಯಾನ್ವಾಸ್ ಚೀಲದೊಳಗೆ, ಪಶ್ಚಿಮದ ಗೋಡೆಗೆ ಒರಗಿ. ಮಳೆಗಾಲದಲ್ಲಿ ಆ ಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತದೆ.

ಹೋದ ವರ್ಷ ಅಪ್ಪನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಈ ಸಲ ನಾವೇ ಉಜ್ಜುತ್ತೇವೆ ಅಂತ ಅಣ್ಣನೂ ನಾವೂ ಕೂತೆವು. ಸಂಬಂಧಿಕರ ಮನೆಯಲ್ಲಿ ಹಾಗೆ ಆದ ಮೇಲೆ ಒಂದು ಅಭ್ಯಾಸ ಕಲಿತಿದ್ದೆವು. ಮೊದಲು ಗಜವನ್ನು ನಳಿಗೆಯೊಳಗೆ ಇಳಿಸಿ ನೋಡುವುದು. ಗಜ ಅಂದರೆ ಆನೆಯಲ್ಲ (ಅದು ತೋಟಕ್ಕೆ ಬೇರೆಯೇ ಬರುತ್ತದೆ), ಮದ್ದು ದಮ್ಮಸು ಮಾಡುವ ಕಬ್ಬಿಣದ ಕಡ್ಡಿ. ತೋಟಾ ಕೋವಿಯನ್ನು ಮಡಚಿ ತೆರೆದರೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಕೇಪಿನ ಕೋವಿಗೆ ಆ ಸೌಲಭ್ಯವಿಲ್ಲ. ಬಾಯಿಯಿಂದ ತುಂಬಿದ್ದು ಬುಡದಲ್ಲಿ ಕೂತಿರುತ್ತದೆ. ಹೊರಗಿನಿಂದ ತುಂಬಿದ ಕೋವಿಯೂ ಖಾಲಿ ಕೋವಿಯೂ ಒಂದೇ ಥರ. ತೂಕದಲ್ಲೂ ಗೊತ್ತಾಗುವುದಿಲ್ಲ. ಕೇಪು ಇಲ್ಲ ಅಂದ ಮಾತ್ರಕ್ಕೆ ಖಾಲಿ ಅಂತ ಅಲ್ಲ. ಗೊತ್ತಾಗುವುದು ಗಜ ಇಳಿಸಿದರೆ ಮಾತ್ರ.

ಹೊರಗಿನಿಂದ ಗಜವನ್ನು ನಳಿಗೆಯ ಉದ್ದಕ್ಕೆ ಹಿಡಿದು, ಕೇಪು ಕೂರಿಸುವ ನಿಪ್ಪಲ್‌ನವರೆಗೆ ಎಷ್ಟು ಬರುತ್ತದೆ ಅಂತ ಬೆರಳಿನಲ್ಲಿ ಗುರುತಿಟ್ಟುಕೊಂಡು ಒಳಗೆ ಬಿಟ್ಟೆವು. ಬೆರಳು ನಳಿಗೆಯ ಬಾಯಿ ಮುಟ್ಟಲಿಲ್ಲ. ಸುಮಾರು ನಾಲ್ಕು ಬೆರಳಿನಷ್ಟು ಮೇಲೆಯೇ ನಿಂತಿತು.

ಇನ್ನೊಮ್ಮೆ ಬಿಟ್ಟೆವು. ಅಷ್ಟೇ.

ಅಣ್ಣ ಮಕ್ಕಳನ್ನು ಒಳಗೆ ಕಳಿಸಿ ಬಾಗಿಲು ಎಳೆದ. ಮೇ ತಿಂಗಳಿಂದ ಆ ಕೋವಿಯನ್ನು ಯಾರೂ ಮುಟ್ಟಿರಲಿಲ್ಲ. ಅಂದರೆ ಮೂರು ತಿಂಗಳು ಅದು ಅಪ್ಪನ ತಲೆದೆಸೆಯಲ್ಲಿ ತುಂಬಿಯೇ ನಿಂತಿತ್ತು, ಮಕ್ಕಳು ಅದೇ ಮಂಚದ ಮೇಲೆ ಕುಣಿಯುತ್ತಿದ್ದರು.

ಅಪ್ಪನನ್ನು ಕೇಳಿದೆವು. 'ಇಲ್ಲವಲ್ಲ' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ಹಾಕಿದ್ದರೆ ಬರೀ ಮದ್ದು ಹಾಕಿರಬೇಕು, ಸದ್ದಿಗೆ. ಚರೆ ಹಾಕಿಲ್ಲ' ಅಂದರು. ಬರೀ ಮದ್ದಾದರೂ ಹತ್ತಿರದಿಂದ ಹೊಡೆದರೆ ಜೀವ ಹೋಗುತ್ತದೆ ಅಂತ ನಾವು ಹೇಳಲಿಲ್ಲ, ಅದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ನಿಪ್ಪಲ್ ಮೇಲೆ ಕೇಪು ಇರಲಿಲ್ಲ. ನಳಿಗೆಯನ್ನು ಹಿತ್ತಿಲ ಬರೆಯ ಕಡೆ ತಿರುಗಿಸಿಟ್ಟು, ಮೈಯನ್ನು ಪಕ್ಕಕ್ಕೆ ಸರಿಸಿಕೊಂಡು, ಬಾಯಿಗೂ ನಿಪ್ಪಲ್ಲಿಗೂ ನೀರು ಬಿಟ್ಟೆವು. ಕರಿಮದ್ದು ನೀರು ಕುಡಿದರೆ ಸತ್ತ ಹಾಗೆ. ರಾತ್ರಿಯೆಲ್ಲ ಹಾಗೇ ಬಿಟ್ಟು, ಬೆಳಿಗ್ಗೆ ಮತ್ತೆ ನೀರು ಹಾಕಿ, ವಿನಾಯಿತಿ ಪತ್ರ ಜೇಬಿನಲ್ಲಿಟ್ಟುಕೊಂಡು ಪೇಟೆಯ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಒಯ್ದೆವು. ಒಳಗಿನದನ್ನು ನಾವೇ ಎಳೆದು ತೆಗೆಯಲು ಹೋಗಲಿಲ್ಲ. ಅವರು ತಿರುಪಿನ ತುದಿಯ ಕಡ್ಡಿ ಹಾಕಿ ಒಂದೊಂದೇ ಹೊರಗೆ ತೆಗೆದು ಹಳೇ ಪೇಪರಿನ ಮೇಲೆ ಇಟ್ಟರು. ತೆಂಗಿನ ನಾರಿನ ಉಂಡೆ. ಆಮೇಲೆ ಚರೆ, ಏಳು. ಆಮೇಲೆ ಇನ್ನೊಂದು ನಾರಿನ ಉಂಡೆ. ಕೊನೆಗೆ ಮಸಿಯಂಥ ಕಪ್ಪು ನೀರು.

ಆ ಏಳು ಚರೆಯನ್ನು ಪೇಪರಿನಲ್ಲಿ ಕಟ್ಟಿ ತಂದು ಅಪ್ಪನ ಮುಂದೆ ಇಟ್ಟೆವು. ಇಡಬಾರದಿತ್ತು ಅಂತ ಈಗ ಅನಿಸುತ್ತದೆ. ಅವರು ತುಂಬಾ ಹೊತ್ತು ನೋಡಿ, ಏನೂ ಹೇಳದೆ ತೋಟಕ್ಕೆ ಹೋದರು. ಚರೆ ಹಾಕಿದ್ದನ್ನು ಅವರು ಮುಚ್ಚಿಟ್ಟಿದ್ದಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಅದೇ ನಮಗೆ ಹೆಚ್ಚು ಭಯವಾದದ್ದು.

ಆ ರಾತ್ರಿ ಅಡುಗೆಮನೆಯಲ್ಲಿ ಮಾತಾಯಿತು. ಕೋವಿಯನ್ನೇ ಮನೆಯಿಂದ ಕಳಿಸಿಬಿಡೋಣ ಅಂದದ್ದು ಅತ್ತಿಗೆ. ತಪ್ಪಿಲ್ಲ, ಎರಡು ಮಕ್ಕಳ ತಾಯಿ. ಅಪ್ಪನ ಕೈಗೆ ಕೊಡದೇ ಇದ್ದರಾಯಿತು ಅಂದದ್ದು ಅಣ್ಣ. ಅವ್ವ ಮಾತ್ರ ಕೇಳಿದರು: 'ಕೈಲ್ ದಿನ ಕೋವಿ ಮುಟ್ಟಬೇಡಿ ಅಂತ ನಿಮ್ಮಪ್ಪನಿಗೆ ಯಾರು ಹೇಳುತ್ತೀರಿ?' ಯಾರೂ ಮಾತಾಡಲಿಲ್ಲ. ಹಾಗಾಗಿ ಕೋವಿಗೂ ಅಪ್ಪನಿಗೂ ಒಂದು ಜಾಗ ಮಾಡುವುದು ಅಂತ ತೀರ್ಮಾನವಾಯಿತು, ಉಜ್ಜುವುದಕ್ಕೊಂದು ಬೆಂಚು, ಇಡುವುದಕ್ಕೊಂದು ಬೀಗದ ಗೂಡು.

ಜಾಗ ಹುಡುಕುವುದೇ ಮೊದಲ ಕೆಲಸ. ಹಿತ್ತಿಲ ಕಡೆ ಗೊಬ್ಬರದ ಚೀಲ ಇಡುತ್ತಿದ್ದ ಚಿಕ್ಕ ಕೋಣೆ ಇತ್ತು. ಅದರ ಕಿಟಕಿ ತೆರೆದರೆ ಎರಡಾಳೆತ್ತರದ ಮಣ್ಣಿನ ಬರೆ, ಅದರಾಚೆ ಯಾರೂ ಓಡಾಡುವ ದಾರಿಯಿಲ್ಲ. ಬೆಂಚಿನ ಮೇಲೆ ಕೋವಿ ಮಲಗಿಸಿದರೆ ಬಾಯಿ ಆ ಬರೆಯ ಕಡೆಯೇ ಇರಬೇಕು ಅಂತ ಮೊದಲು ಅದನ್ನು ನಿರ್ಧರಿಸಿ, ಆಮೇಲೆ ಬೆಂಚಿನ ದಿಕ್ಕು ನಿರ್ಧರಿಸಿದೆವು. ಬೇರೆ ಏನು ಮರೆತರೂ ಇದನ್ನು ಮರೆಯಬಾರದು. ಬಾಗಿಲು ಬೆನ್ನ ಹಿಂದೆ ಬರುತ್ತದೆ, ಆದ್ದರಿಂದ ಒಳಗೆ ಬರುವವರು ಯಾರೂ ನಳಿಗೆಯ ಎದುರು ಹಾಯುವುದಿಲ್ಲ. ಒಳಗಿನಿಂದ ಚಿಲಕ ಹಾಕಿದ್ದೇವೆ. ಗೊಬ್ಬರದ ಚೀಲ ಕೊಟ್ಟಿಗೆಗೆ ಹೋಯಿತು. ಉಪ್ಪಿನಂಥ ರಸಗೊಬ್ಬರ ಇರುವಲ್ಲಿ ಕಬ್ಬಿಣ ಬಾಳುವುದಿಲ್ಲ.

ಹಲಗೆ ಹಳೇ ಮನೆಯ ಹಲಸಿನ ಬಾಗಿಲಿನದು. ಆಚಾರಿಯವರು ಎತ್ತರ ಕೇಳಿದಾಗ ನಾವು ನಮ್ಮ ಅಳತೆ ಕೊಡಲು ಹೋದೆವು. ಅಣ್ಣ ತಡೆದ. ಅಪ್ಪನನ್ನು ಕರೆದು ಕುರ್ಚಿಯಲ್ಲಿ ಕೂರಿಸಿ, ಅವರ ಮೊಣಕೈ ಎತ್ತರಕ್ಕೆ ಗುರುತು ಹಾಕಿಸಿದ. ಏಳು ಚರೆಯ ದಿನದಿಂದ ಮುಖ ಕೊಟ್ಟು ಮಾತಾಡದಿದ್ದವರು ಆಗ, 'ಇನ್ನು ಒಂದು ಅಂಗುಲ ಇಳಿಸಿ, ಭುಜ ನೋಯುತ್ತದೆ' ಅಂದರು. ಅಲ್ಲಿಂದ ಮುಂದೆ ಬೆಂಚು ಅವರದ್ದೇ ಆಯಿತು.

ಹಲಗೆಯ ಮೂರೂ ಬದಿಗೆ ಅರ್ಧ ಅಂಗುಲದ ಪಟ್ಟಿ ಹೊಡೆಸಿದ್ದೇವೆ, ಬಿದ್ದ ಸ್ಕ್ರೂ ಉರುಳಿ ನೆಲದ ಸಂದಿಗೆ ಹೋಗದಿರಲಿ ಅಂತ. ಕೋವಿ ಕೂರಿಸಲು ಎರಡು ಕವಲು ಗೂಟ, ಒಂದು ನಳಿಗೆಗೆ, ಒಂದು ಬಟ್ ಹತ್ತಿರ. ಕವಲಿಗೆ ಹಳೇ ಕಂಬಳಿ ತುಂಡು ಸುತ್ತಿದ್ದು. ವೈಸ್ ಬೇಕು ಅಂತ ನಾವು ಪೇಟೆಯಿಂದ ಒಂದು ತಂದೆವು. ಅಪ್ಪ ಅದನ್ನು ನೋಡಿ ನಕ್ಕರು. ತೆಳು ನಳಿಗೆಯನ್ನು ವೈಸಿನಲ್ಲಿ ಬಿಗಿದರೆ ಅದು ಅಪ್ಪಚ್ಚಿಯಾಗುತ್ತದೆ, ಕೋವಿ ಬರೀ ಕೂತಿದ್ದರೆ ಸಾಕು, ಹಿಡಿದು ಹಿಂಸೆ ಕೊಡಬೇಕಾಗಿಲ್ಲ. ವೈಸ್ ಈಗ ಕತ್ತಿಗೆ ಹಿಡಿ ಹಾಕುವುದಕ್ಕೆ ಉಪಯೋಗವಾಗುತ್ತಿದೆ.

ಬೆಂಚಿನ ಮೇಲೆ ಇರುವ ಸಾಮಾನು ಕಡಿಮೆಯೇ. ಎರಡು ಅಳತೆಯ ಸ್ಕ್ರೂಡ್ರೈವರ್, ಗಾಡಿಗೆ ಮುಂದೆ ಮುಂದೆ ಸರಿಯಾಗಿ ಕೂರುವ ಹಾಗೆ ಅರೆದದ್ದು. ತೆಳು ತುದಿ ಹಾಕಿ ತಿರುಗಿಸಿ ತಿರುಗಿಸಿ ನಮ್ಮ ಅಜ್ಜನೋ ಅಪ್ಪನೋ ಕೆಡಿಸಿದ ಒಂದು ಸ್ಕ್ರೂ ತಲೆ ಈಗಲೂ ಆ ಕೋವಿಯಲ್ಲಿದೆ. ಹತ್ತಿ ಬಟ್ಟೆಯ ಚೂರುಗಳು. ನಿಪ್ಪಲ್ ತೂತಿಗೆ ತೆಳು ತಂತಿ. ಸ್ಕ್ರೂ ಹಾಕಿಡಲು ಬಿಳಿ ಪಿಂಗಾಣಿ ತಟ್ಟೆ. ಒಂದು ಟಾರ್ಚ್, ಯಾಕೆಂದರೆ ಆಗಸ್ಟಿನಲ್ಲಿ ನಮ್ಮಲ್ಲಿ ಕರೆಂಟನ್ನು ನಂಬುವವರಿಲ್ಲ. ಟಾರ್ಚಿಗೆ ಇನ್ನೊಂದು ಕೆಲಸವೂ ಇದೆ. ತೋಟಾ ಕೋವಿಯನ್ನು ಮಡಚಿಟ್ಟು ಹಿಂದಿನಿಂದ ಬೆಳಕು ಬಿಟ್ಟು ಬಿಳಿ ಗೋಡೆಯ ಮೇಲೆ ನೋಡುವುದು. ಕುಂಬಾರ ಹುಳಕ್ಕೆ ಬಳಸದ ನಳಿಗೆ ಅಂದರೆ ಪ್ರೀತಿ, ಮಣ್ಣು ತಂದು ಗೂಡು ಕಟ್ಟಿಬಿಡುತ್ತದೆ. ಹಾಗೆ ಕಟ್ಟಿಕೊಂಡಿದ್ದ ಕೋವಿಯನ್ನು ನೋಡದೆ ಹೊಡೆದರೆ ನಳಿಗೆಯೇ ಸೀಳುತ್ತದೆ.

ತೆಂಗಿನೆಣ್ಣೆಗೆ ವಿದಾಯ ಹೇಳಿಸಲು ಮಾತ್ರ ಸಾಕುಬೇಕಾಯಿತು. ನಮ್ಮೂರಿನ ಚಳಿಗೆ ಅದು ಬೆಳಿಗ್ಗೆ ಗಟ್ಟಿ ಬೆಣ್ಣೆಯಾಗುತ್ತದೆ, ಹಳತಾದರೆ ಅಂಟು. ಕುದುರೆ ಎಳೆದರೆ ಅರ್ಧಕ್ಕೇ ತೂಕಡಿಸಿದ ಹಾಗೆ ಬೀಳುತ್ತಿತ್ತು. ಈಗ ಅವ್ವನ ಹೊಲಿಗೆ ಯಂತ್ರದ ಎಣ್ಣೆ, ಎರಡೇ ಹನಿ. ಆದರೆ ಒಂದು ವಿಷಯದಲ್ಲಿ ಅಪ್ಪ ಸರಿ, ನಾವು ತಪ್ಪು. ಕರಿಮದ್ದಿನ ಕಿಟ್ಟಕ್ಕೆ ಎಣ್ಣೆ ಹಾಕಿ ಉಜ್ಜಿದರೆ ಪ್ರಯೋಜನವಿಲ್ಲ. ಅದು ಉಪ್ಪಿನ ಹಾಗೆ ಗಾಳಿಯ ತೇವ ಎಳೆದುಕೊಂಡು ಒಳಗಿಂದೊಳಗೆ ತುಕ್ಕು ಹಿಡಿಸುತ್ತದೆ. ಅದಕ್ಕೆ ಕುದಿಯುವ ನೀರೇ ಮದ್ದು. ಬಿಸಿ ನೀರು ಹೊಯ್ದರೆ ಕಿಟ್ಟ ಕರಗುತ್ತದೆ, ಬಿಸಿಯಾದ ನಳಿಗೆ ತಾನೇ ಬೇಗ ಒಣಗುತ್ತದೆ, ಆಮೇಲೆ ಎಣ್ಣೆ. ಕೋವಿಗೆ ನೀರು ಹಾಕಬಾರದು ಅಂತ ನಾವು ಯಾವುದೋ ವಿಡಿಯೊ ನೋಡಿ ವಾದ ಮಾಡಿದ್ದೆವು.

ಬೆಂಚಿನ ಮೇಲೆ ಇರಬಾರದ್ದು: ಮದ್ದು, ಚರೆ, ಕೇಪು, ತೋಟಾ. ಅವು ಮನೆಯ ಇನ್ನೊಂದು ತುದಿಯ ಕಬ್ಬಿಣದ ಪೆಟ್ಟಿಗೆಯಲ್ಲಿ, ಒಲೆಯಿಂದ ದೂರ. ಬೀಡಿಯೂ ಇಲ್ಲ. ಸ್ಪ್ರಿಂಗು, ಟ್ರಿಗರು ಬಿಚ್ಚಿ ರಿಪೇರಿ ಮಾಡುವುದೂ ಇಲ್ಲ. ಅದಕ್ಕೆ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬೇರೆ ಲೈಸೆನ್ಸ್ ಬೇಕು, ನಮಗೆ ಬೇಕಾದ ಬುದ್ಧಿಯೂ ಇಲ್ಲ.

ಗೂಡು ಮಾಡಿಸಿದ್ದು ಒಳಗೋಡೆಗೆ, ಅಡುಗೆಮನೆಯ ಒಲೆಯ ಹಿಂಬದಿಗೆ ಬರುವ ಗೋಡೆ ಅದು, ಮಳೆಗಾಲದಲ್ಲೂ ಬೆಚ್ಚಗಿರುತ್ತದೆ. ಅಜ್ಜ ಕೋವಿಯನ್ನು ಒಲೆಯ ಹೊಗೆ ತಾಗುವ ಅಟ್ಟದ ಕೆಳಗೆ ತೂಗುಹಾಕುತ್ತಿದ್ದರಂತೆ, ತೇವ ಬಾರದಿರಲೆಂದು. ಜಾಗದ ಲೆಕ್ಕ ಸರಿ, ಬೀಗವೊಂದಿರಲಿಲ್ಲ. ಕ್ಯಾನ್ವಾಸ್ ಚೀಲ ಬಿಸಾಡಿದೆವು. ತೇವ ಹಿಡಿದಿಟ್ಟುಕೊಳ್ಳುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಗೂಡಿನೊಳಗೆ ಎರಡೂ ಕೋವಿ ತಲೆಕೆಳಗಾಗಿ, ಬಾಯಿ ಕೆಳಗೆ ಬಟ್ ಮೇಲೆ ನಿಲ್ಲುತ್ತವೆ. ನೆಟ್ಟಗೆ ನಿಲ್ಲಿಸಿದರೆ ನಳಿಗೆಯ ಎಣ್ಣೆಯೆಲ್ಲ ಇಳಿದು ಬಟ್‌ನ ಮರ ಸೇರಿ, ಕೊನೆಗೆ ಮರ ಮೆತ್ತಗಾಗುತ್ತದೆ. ಬಾಯಿ ಊರುವಲ್ಲಿ ಸಣ್ಣ ಮರದ ಬಟ್ಟಲು ಕೊರೆಸಿದ್ದೇವೆ. ಎರಡಕ್ಕೂ ಸೇರಿಸಿ ಅಡ್ಡ ಕಬ್ಬಿಣದ ಪಟ್ಟಿ, ಅದಕ್ಕೊಂದು ಬೀಗ. ಹೊರಬಾಗಿಲಿಗೆ ಇನ್ನೊಂದು. ನೋಡಿದವರು ದೇವರ ಗೂಡಿನ ಹಾಗಿದೆ ಅನ್ನುತ್ತಾರೆ.

ಬೀಗದ ಕೈ ಯಾರ ಹತ್ತಿರ ಅನ್ನುವಲ್ಲಿ ಮತ್ತೆ ಮೌನ. ಅವ್ವನೇ ಎದ್ದು, ಹುಂಡಿಯ ಕೀ, ಬೀರುವಿನ ಕೀ ಇರುವ ತಮ್ಮ ಗೊಂಚಲಿಗೆ ಅದನ್ನೂ ಪೋಣಿಸಿಕೊಂಡರು. 'ಬೇಕಾದಾಗ ಕೇಳಿ' ಅಂದರು ಅಪ್ಪನಿಗೆ. ಅಪ್ಪ 'ಆಯಿತು' ಅಂದರು. ಐವತ್ತು ವರ್ಷ ಯಾರನ್ನೂ ಕೇಳದೆ ಕೋವಿ ತೆಗೆದವರು. ನಾವೆಲ್ಲ ಬೇರೆ ಕಡೆ ನೋಡಿದೆವು.

ಗಜದ ಮೇಲೆ ಗೆರೆ ಹಾಕಿದ್ದು ಕೊನೆಯ ಕೆಲಸ. ಖಾಲಿ ನಳಿಗೆಯಲ್ಲಿ ಬುಡದವರೆಗೆ ಇಳಿಸಿ, ಬಾಯಿಗೆ ಸರಿಯಾಗಿ ಅರದಿಂದ ಒಂದು ಸುತ್ತು ಗೀರಿದ್ದೇವೆ. ಗೆರೆ ಬಾಯಿಗೆ ಸಮನಾದರೆ ಖಾಲಿ, ಮೇಲೆ ಕಂಡರೆ ಏನೋ ಇದೆ. ಗಜ ಬೆಂಚಿನ ಎದುರಿನ ಮೊಳೆಯಲ್ಲೇ ತೂಗುತ್ತದೆ. ಕೋವಿ ತೆಗೆದವರು ಒಮ್ಮೆ, ಇಡುವವರು ಒಮ್ಮೆ ಇಳಿಸಿ ನೋಡಬೇಕು. ಒಬ್ಬರೇ ಇದ್ದರೂ ಎರಡು ಸಲ. ಬೆಳ್ಳಗೆ ಕಾಣಲಿ ಅಂತ ಗೆರೆಗೆ ಬಣ್ಣ ತುಂಬಿದೆವು. ಅಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿ, 'ನನಗೆ ಗೆರೆ ಬೇಡ' ಅಂದರು. ನಮಗೆ ಎದೆ ಧಸಕ್ಕೆಂದಿತು. ಅವರು ಗಜವನ್ನು ಬಾಯಿಂದ ಒಂದು ಗೇಣು ಮೇಲಿಂದ ಬಿಟ್ಟರು. ಟಣ್ ಅಂತ ಗಂಟೆಯ ಹಾಗೆ ಕೇಳಿತು. 'ಖಾಲಿ ಇದ್ದರೆ ಕಬ್ಬಿಣಕ್ಕೆ ಕಬ್ಬಿಣ ಕೂಗುತ್ತದೆ. ತುಂಬಿದ್ದರೆ ದಪ್ ಅಂತ ಸುಮ್ಮನಾಗುತ್ತದೆ' ಅಂದರು. ಕಣ್ಣಿಗೆ ಗೆರೆ, ಕಿವಿಗೆ ಸದ್ದು, ಎರಡೂ ಇರಲಿ ಅಂತ ಒಪ್ಪಂದವಾಯಿತು.

ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ, ಕೊಡವರು ಕೈಲ್ ಪೊಳ್ದ್ ಅನ್ನುವುದು. ನಾಟಿ ಮುಗಿದು, ನೇಗಿಲು ಕತ್ತಿ ಕೋವಿ ಎಲ್ಲವೂ ತೊಳೆದು ಪೂಜೆಗೆ ಕೂರುವ ದಿನ. ಬೆಳಿಗ್ಗೆ ಅವ್ವ ಬೀಗ ತೆಗೆದುಕೊಟ್ಟರು. ಅಪ್ಪ ಬೆಂಚಿಗೆ ಕೂತು ಗಜ ಬಿಟ್ಟರು, ಟಣ್. ಬಾಗಿಲಾಚೆ ಮಕ್ಕಳಿಬ್ಬರೂ 'ಟಣ್' ಅಂತ ಕೂಗಿದರು. ನಳಿಗೆಗೆ ಗಂಧ ಹಚ್ಚಿ, ಬೇಲಿಯಿಂದ ತಂದ ತೋಕ್ ಪೂ ಸಿಕ್ಕಿಸಿ ದೇವರ ಮುಂದೆ ಇಟ್ಟೆವು. ತೋಕ್ ಅಂದರೆ ಕೊಡವ ಭಾಷೆಯಲ್ಲಿ ಕೋವಿಯೇ, ಆ ಬೆಂಕಿಬಣ್ಣದ ಹೂವಿಗೆ ಈ ಹಬ್ಬದಿಂದಲೇ ಹೆಸರು. ಮಧ್ಯಾಹ್ನ ಊಟ ಮುಗಿದು ಗೂಡಿಗೆ ಇಡುವ ಮೊದಲು ನಾವು ಮತ್ತೆ ಗಜ ಇಳಿಸಲಿಲ್ಲ. ದೇವರ ಮುಂದೆ ಇದ್ದ ಕೋವಿ, ಯಾರು ತುಂಬುತ್ತಾರೆ? ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. 'ಎರಡು ಸಲ ಅಂದವರು ನೀವೇ' ಅಂದರು. ಇಳಿಸಿದೆವು.

ಹದಿನೈದು ದಿನದ ಮೇಲೆ ಪಕ್ಕದ ತಾಲ್ಲೂಕಿನಿಂದ ಮತ್ತೆ ಅದೇ ಸುದ್ದಿ ಬಂತು. ಬದುಕಿದರು, ಕಾಲಿಗೆ ಬಿದ್ದದ್ದು. ಠಾಣೆಗೆ ಫೋನ್ ಮಾಡಿ ಈ ಸಲ ಕೇಳಿದೆವು, ಯಾವ ಥರದ ಕೋವಿ, ತುಂಬಿದ್ದು ಯಾವಾಗ, ಯಾರು. ಆ ಕಡೆಯವರು ಒಂದು ನಿಮಿಷ ಸುಮ್ಮನಿದ್ದು, 'ಅದೆಲ್ಲ ಯಾಕೆ ಸಾರ್' ಅಂದರು. ಆಮೇಲೆ ಹೇಳಿದರು: ಕೇಪಿನದು, ನಾಲ್ಕು ದಿನದ ಹಿಂದೆ ಮಗ ತುಂಬಿಟ್ಟದ್ದು, ತಂದೆಗೆ ಗೊತ್ತಿರಲಿಲ್ಲ. ಅದನ್ನೇ ಐದನೇ ಸಾಲಾಗಿ ಬರೆದು ಕಳಿಸಿದೆವು. ಜಾಗವಿಲ್ಲ ಅಂತ ಡೆಸ್ಕಿನವರು ನಾಲ್ಕಕ್ಕೇ ನಿಲ್ಲಿಸಿದರು.

ಬೆಂಚಿನ ಬಲಗಾಲು ಇನ್ನೂ ಸ್ವಲ್ಪ ಕುಂಟುತ್ತದೆ, ಸದ್ಯ ಕೆಳಗೊಂದು ಹಂಚಿನ ಚೂರು ಕೊಟ್ಟಿದ್ದೇವೆ. ಆಚಾರಿಯವರು ತುಲಾ ಸಂಕ್ರಮಣ ಕಳೆದ ಮೇಲೆ ಬರುತ್ತೇನೆ ಅಂದಿದ್ದಾರೆ.